ಮುಂದಿನ ಆದೇಶದವರೆಗೆ

ಶ್ರೀವಲ್ಲಿ ಕುರುಗೋಡಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾಳೆ. ಗಂಡ ಅನಂತ ಬಳ್ಳಾರಿಯ ಕಾಲೇಜೊಂದರಲ್ಲಿ ಗುಮಾಸ್ತ. ಒಬ್ಬರ ಮೇಲೊಬ್ಬರು ಕೈ ಎತ್ತಿದವರಲ್ಲ. ಆದರೆ ಮಾತಿನಲ್ಲಿ ಇಬ್ಬರೂ ಸೋಲುತ್ತಿರಲಿಲ್ಲ. ಐದು ವರ್ಷದ ಹಿಂದೆ ಒಂದು ದಿನ ಜಗಳ ವಿಪರೀತವಾಗಿ ಅವಳು ಸಿರುಗುಪ್ಪದ ತವರಿಗೆ ಹೊರಟಳು. ಮಗಳು ಶ್ರೀಕೃತಿಗೆ ಆಗ ಐದು ವರ್ಷ. ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುವುದಿದ್ದುದರಿಂದ ಬರಲೊಲ್ಲೆ ಎಂದಳು. ನಾಲ್ಕು ದಿನವಿರಲಿ ಎಂದು ಶ್ರೀವಲ್ಲಿ ಅವಳನ್ನು ಅತ್ತೆ ಗಂಗಾಬಾಯಿಯ ಬಳಿ ಬಿಟ್ಟುಹೋದಳು.

ಮರಳಿ ಬಂದಾಗ ಅನಂತ ಬಳ್ಳಾರಿಯ ಮನೆಯ ಬಾಗಿಲಲ್ಲೇ ನಿಂತಿದ್ದ. "ನೀ ಬಿಟ್ಟು ಹೋದಿ, ಕೂಸು ಇಲ್ಲೇ ಉಳೀತು. ಇನ್ನ ಏನಿದ್ರೂ ಕೋರ್ಟಿನಾಗ."

ಶ್ರೀವಲ್ಲಿ ಅರ್ಜಿ ಹಾಕಿದಳು. ನ್ಯಾಯಾಧೀಶರು ಇಬ್ಬರನ್ನೂ ಸಮಾಧಾನದಿಂದ ಕೇಳಿದರು. ಓದು ಕೆಡಬಾರದು, ಮುಂದಿನ ಆದೇಶದವರೆಗೆ ಮಗು ತಂದೆಯ ಬಳಿಯೇ ಇರಲಿ; ತಾಯಿ ತಿಂಗಳಿಗೆ ಎರಡು ಶನಿವಾರ, ಮಧ್ಯಾಹ್ನ ಎರಡರಿಂದ ಐದರವರೆಗೆ, ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ನೋಡಲಿ ಎಂದರು.

"ಇದು ಮಧ್ಯಂತರ ಆದೇಶ ಅಷ್ಟs ಮೇಡಂ. ನಾಕು ತಿಂಗಳ ಮಾತು, ಚಿಂತಿ ಮಾಡಬ್ಯಾಡ್ರಿ," ಎಂದರು ಅವಳ ವಕೀಲ ಚನ್ನಬಸವರಾಜ.

ಒಮ್ಮೆ ಆ ಕಡೆಯವರು, ಒಮ್ಮೆ ಈ ಕಡೆಯವರು ವಾಯಿದೆ ಕೇಳಿದರು. ನಾಲ್ಕು ತಿಂಗಳು ಎರಡು ವರ್ಷವಾಯಿತು. ಶನಿವಾರಗಳಂದು ಶ್ರೀವಲ್ಲಿ ಮೊದಲು ಮಗಳ ತಲೆ ಬಾಚಿ ಎರಡು ಜಡೆ ಹೆಣೆಯುತ್ತಿದ್ದಳು. ಒಂದು ಸಲ ಮಗಳು ಕೂದಲು ಕತ್ತರಿಸಿಕೊಂಡು ಬಂದಳು. ಇನ್ನೊಂದು ಸಲ, "ಅಮ್ಮಾ, ನೀವು ನೀರು ತಂದೀರೇನು?" ಎಂದಳು.

"ನನಗ 'ನೀವು' ಅಂತೀಯೇನs?"

"ಬಾಯಿಗೆ ಹಂಗs ಬಂತು," ಎಂದು ಮಗು ತಲೆ ತಗ್ಗಿಸಿತು.

ಶ್ರೀವಲ್ಲಿ ಮತ್ತೆ ಅರ್ಜಿ ಹಾಕಿದಳು. ಈ ಸಲ ಆದೇಶ ಸಡಿಲವಾಯಿತು: ತಿಂಗಳಿಗೊಮ್ಮೆ ಶನಿವಾರ ಮಗಳನ್ನು ಕುರುಗೋಡಿನ ತನ್ನ ಬಾಡಿಗೆ ಮನೆಗೆ ಕರೆದೊಯ್ದು, ಭಾನುವಾರ ಸಂಜೆ ತಂದುಬಿಡಬಹುದು. ಮೊದಲ ಶನಿವಾರ ಮಧ್ಯಾಹ್ನವೆಲ್ಲ ಶ್ರೀಕೃತಿ ಚೆನ್ನಾಗಿಯೇ ಆಡಿದಳು. ಹೊತ್ತು ಮುಳುಗುತ್ತಲೇ ಹೊಸ್ತಿಲ ಮೇಲೆ ಹೋಗಿ ಕುಳಿತಳು. "ಅಜ್ಜಿ ಹತ್ರ ಹೋಗೋಣು," ಎಂದು ಶುರುವಾದ ಅಳು ನಿಲ್ಲಲಿಲ್ಲ. ಬಿಕ್ಕಿ ಬಿಕ್ಕಿ ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡಳು. ಶ್ರೀವಲ್ಲಿ ಅವಳ ಮುಖ ತೊಳೆದು, ಬೇರೆ ಫ್ರಾಕು ಹಾಕಿ, ಬಳ್ಳಾರಿ ಬಸ್ಸು ಹತ್ತಿಸಿದಳು.

"ಛಲೋ ಮಾಡಿದಿ," ಎಂದ ಅನಂತ, ಬಾಗಿಲು ತೆರೆದು. ಅವನು ಮನಸ್ಸಿನಿಂದಲೇ ಹೇಳಿದನೆಂದು ಅವಳಿಗೆ ಅನಿಸಿತು.

ಮುಂದಿನ ವಾಯಿದೆಗೆ ಅವನ ವಕೀಲರು ಅವನ ಅಫಿಡವಿಟ್ ಸಲ್ಲಿಸಿದರು: ತಾಯಿಗೆ ಮಗುವನ್ನು ಒಂದು ರಾತ್ರಿ ಇಟ್ಟುಕೊಳ್ಳಲೂ ಆಗಲಿಲ್ಲ.

"ನೀವೇ ವಾಪಸು ಬಿಟ್ಟಿರಾ?" ನ್ಯಾಯಾಧೀಶರು ಕೇಳಿದರು.

"ಹೌದು."

ಅವರು ಮಗುವನ್ನು ಒಳಗೆ ಕರೆದು ಮಾತಾಡಿಸಿದರು. ರಾತ್ರಿ ಉಳಿಸಿಕೊಳ್ಳುವ ಅನುಮತಿ ರದ್ದಾಯಿತು. ಮತ್ತೆ ಅದೇ ಕೋಣೆ, ಅದೇ ಮೂರು ತಾಸು.

ಹೊರಗೆ ಚನ್ನಬಸವರಾಜ ಸಿಟ್ಟಾದರು. "ಅತ್ರೂ ಇಟ್ಕೋಬೇಕಿತ್ರಿ ಮೇಡಂ! ಕೈಗೆ ಬಂದದ್ದು ಹೋತು."

"ಭಾಳ ಅಳಾಕತ್ತಿತ್ರಿ," ಎಂದಳು.

ಈಗ ಶ್ರೀಕೃತಿಗೆ ಹತ್ತು. ಕೊನೆಯ ತೀರ್ಪು ಇನ್ನೂ ಬಂದಿಲ್ಲ. ಮಗಳಿಗೆ ಟ್ಯೂಷನ್, ಚಿತ್ರಕಲೆಯ ಸ್ಪರ್ಧೆ. ಬರುವುದು ತಡವಾಗುತ್ತದೆ, ಕೆಲವು ಸಲ ಬರುವುದೇ ಇಲ್ಲ. ದೂರು ಕೊಟ್ಟರೆ ಮಗುವನ್ನು ಮತ್ತೆ ಕರೆಸಿ ಕೇಳುತ್ತಾರೆಂದು ಶ್ರೀವಲ್ಲಿ ಸುಮ್ಮನಿದ್ದಾಳೆ.

ಹೋದ ಶನಿವಾರವೂ ಮಗಳು ಬರಲಿಲ್ಲ. ನಾಲ್ಕು ಗಂಟೆಗೆ ಕೋಣೆಯ ಹೊಣೆ ಹೊತ್ತ ಜೋಗಮ್ಮ ಹಾಜರಿ ಪುಸ್ತಕ ತಂದು, "ಇನ್ನ ಯಾಕ ಕಾಯ್ತೀರಿ ಅಕ್ಕಾರ? ಸಹಿ ಮಾಡಿ ಹೋಗ್ರಿ," ಎಂದಳು.

ಶ್ರೀವಲ್ಲಿ ಸಹಿ ಮಾಡಿದಳು. ಆದರೆ ಐದು ಹೊಡೆಯುವವರೆಗೂ ಎದ್ದು ಹೋಗಲಿಲ್ಲ.