ಕುಣಿಯಲ್ಲಿ ಉಕ್ಕಿದ ಮರಳು

ನನ್ನ ಕಾಕಾನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಪ್ಪನ ತಮ್ಮ, ತಲೆ ನರೆತವನು, ‘ಅವರು’ ಎಂದು ಬರೆಯಬೇಕು. ನನ್ನ ಕೈಯಿಂದ ಅದು ಆಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ನಾರಾಯಣಪೇಟೆಯ ಮನೆಯನ್ನು ಅವನು ಇಟ್ಟುಕೊಂಡ. ಅಮ್ಮನಿಗೂ ನನಗೂ ಮಕ್ತಲ್ ಕಡೆ ಕೃಷ್ಣಾ ದಂಡೆಯ ಜಾಗ ಕೊಟ್ಟ. “ನೆಲ ಕಲ್ಲಿನಂಗ ಗಟ್ಟಿ ಐತಿ ವೈನಿ, ಕಣ್ಣು ಮುಚ್ಚಿ ಮನಿ ಕಟ್ರಿ” ಎಂದು ಅಮ್ಮನ ಮುಂದೆ ಎದೆ ತಟ್ಟಿಕೊಂಡು ಹೇಳಿದ. ಅಲ್ಲೊಂದು ಹಳ್ಳವಿತ್ತು, ಅದನ್ನು ಮರಳು ಸುರಿದು ಮುಚ್ಚಿದ್ದರು ಎಂಬುದು ನಮಗೆ ಗೊತ್ತಿರಲಿಲ್ಲ.

ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತ ಸೀರೆ ನೇಯುವುದು. ಹೊಸ ಮನೆಯಲ್ಲಿ ಕುಣಿ ತೋಡಿದಾಗ ತಳದ ಮರಳು ಹಸಿಯಾಗಿತ್ತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನಾವು ನೇಕಾರರು, ಖುಷಿಪಟ್ಟೆವು. ಕುಣಿ ತಂಪಾಗಿದ್ದರೆ ನೂಲು ಹರಿಯುವುದು ಕಡಿಮೆ. “ಕಾಕಾ ಛಲೋ ಜಾಗಾನ ಕೊಟ್ಟಾನ” ಎಂದು ಅಮ್ಮ ಅವನಿಗೆ ಹೋಳಿಗೆ ಕಳಿಸಿದಳು. ಆ ಹೋಳಿಗೆ ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಒಂದು ಬೆಳಿಗ್ಗೆ ಅಡುಗೆಮನೆಯ ತಟ್ಟೆಗಳು ತಾವಾಗಿಯೇ ಗಲಗಲ ಅಂದವು, ಕಾಲಡಿಯ ನೆಲ ಅಲುಗಿತು. ಮಗ್ಗದ ಕೋಣೆಯಿಂದ ಅಮ್ಮ ಕೂಗಿದಳು: “ಕುಣ್ಯಾಗ ನೀರು ಏಳಾಕತ್ತೈತಿ!” ಓಡಿಹೋಗಿ ನೋಡಿದರೆ ಬೂದು ಬಣ್ಣದ ಮರಳುನೀರು ಅಂಬಲಿಯಂತೆ ಕುದಿಯುತ್ತ ಅವಳ ಮೊಣಕಾಲು ದಾಟಿತ್ತು. ನೆಲ ಅಲುಗುವುದು ನಿಂತಿತು. ನಿಂತದ್ದೇ ತಡ, ಮರಳು ಕೆಳಗಿಳಿದು ಅವಳ ಕಾಲನ್ನು ಬಿಗಿಹಿಡಿಯಿತು. ಹಿತ್ತಲಲ್ಲಿ ದಂಡೆ ಕುಸಿದು, ಬಟ್ಟೆ ಒಗೆಯುವ ಕಲ್ಲೂ ಬೇವಿನ ಮರವೂ ನದಿಗೆ ಹೋದವು. ನಾನು ಉಗುರು ಕಿತ್ತುಬರುವಂತೆ ಬಗೆದು ಅಮ್ಮನನ್ನು ಎಳೆದುಕೊಂಡೆ. ಹಲಗೆಗೆ ಸಿಕ್ಕಿದ್ದ ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ಅವಳು ಮತ್ತೆ ಮಗ್ಗಕ್ಕೆ ಕೂರಲೂ ಇಲ್ಲ.

ನೋಡಲು ಬಂದ ಸರ್ಕಾರಿ ಮನುಷ್ಯ ತಿಳಿಸಿ ಹೇಳಿದ: “ನೀರು ಕುಡಿದ ಸಡಿಲ ಮರಳು ಅಲುಗಿದ್ರ ಕಾಳಿಗೆ ಕಾಳಿನ ಹಿಡಿತ ತಪ್ಪತೈತಮ್ಮ. ಆವಾಗ ನೆಲಾನ ಹರಿಯಾಕ ಹತ್ತತೈತಿ.” ಭೂಮಿಯ ಕೆಲಸ ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ಮರುದಿನ ಕುಸಿದ ದಂಡೆಯ ಮೈಯಲ್ಲಿ ಇನ್ನೊಂದು ಕುಣಿಯ ಅರ್ಧ ಭಾಗ ಕಂಡಿತು. ಮರಳು ತುಂಬಿ ಮುಚ್ಚಿದ ಕುಣಿ, ಅದರೊಳಗೆ ನೀಲಿ ಬಣ್ಣದ ಮಗ್ಗದ ಗೂಟ. ನಮ್ಮ ಓಣಿಯಲ್ಲಿ ಗೂಟಕ್ಕೆ ನೀಲಿ ಬಣ್ಣ ಬಳಿಯುವವನು ಕಾಕಾ ಒಬ್ಬನೇ. ಮೊದಲು ತನ್ನ ಮಗ್ಗ ಹೂಡಲೆಂದು ಅವನೇ ಇಲ್ಲಿ ತೋಡಿದ್ದ, ನೀರು ಜಿನುಗಿದ್ದನ್ನು ನೋಡಿ ಮುಚ್ಚಿದ್ದ, ಆಮೇಲೆ ನಮಗೆ ಕೊಟ್ಟಿದ್ದ. ಗೂಟವನ್ನು ಕಿತ್ತು ತಂದು ಅಟ್ಟದ ಮೇಲಿಟ್ಟೆ. ಅಮ್ಮನಿಗೆ ಹೇಳಲಿಲ್ಲ. ಅವನ ಬಾಯಿಂದಲೇ ಹೇಳಿಸಬೇಕಿತ್ತು.

ಮಗ್ಗದ ಕೋಣೆಯೂ ಸೇರಿ ಉಳಿದ ಎರಡು ಕೋಣೆಗಳಲ್ಲೇ ನಾವು ಇದ್ದೆವು. ಅಮ್ಮನನ್ನು ನೋಡಲು ಬಾರದವನು ನಾಲ್ಕು ತಿಂಗಳ ಮೇಲೆ ಬಂದ, ಪಕ್ಕದ ಜಾಗ ಕೊಳ್ಳಲು ಗದ್ವಾಲದ ನೇಕಾರನೊಬ್ಬನನ್ನು ಕರೆದುಕೊಂಡು. “ನೆಲ ಗಟ್ಟಿ ಐತ್ರಿ. ಭೂಕಂಪ ಯಾರ ಕೈಯಾಗ ಐತಿ?” ಎಂದು ಅದೇ ಎದೆ ತಟ್ಟಿಕೊಂಡ. ನಾನು ಬಲು ಮರ್ಯಾದೆಯಿಂದ ಇಬ್ಬರನ್ನೂ ಒಳಗೆ ಕರೆದೆ.

“ಕಾಕಾ, ಮಗ್ಗದ ಮುಂದ ಕುಂದರ್ರಿ. ಕುಣ್ಯಾಗ ಕಾಲು ಇಳಿಬಿಡ್ರಿ. ನೆಲ ಗಟ್ಟಿ ಐತಲ್ಲ, ಅವರಿಗೂ ತೋರಿಸ್ರಿ.”

ಅವನು ಕೂರಲಿಲ್ಲ. ಧೋತರದ ಚುಂಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಗದ್ವಾಲದವನು ತಳದಲ್ಲಿ ಹಸಿ ಮರಳಿದ್ದ ಕುಣಿಯನ್ನು ನೋಡಿದ, ಕಾಕಾನ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನನ್ನ ಹೊಟ್ಟೆ ತಣ್ಣಗಾಯಿತು. ಆದರೂ ಸಾಲಲಿಲ್ಲ. ಗೂಟ ಇಳಿಸಿ ಅವನ ಕೈಗೇ ಕೊಟ್ಟೆ.

“ವೈನಿಗೆ ಹೇಳಬ್ಯಾಡವ್ವಾ” ಎಂದು ಪಿಸುಗುಟ್ಟಿದ.

“ನಾ ಯಾಕ ಹೇಳಲಿ? ನೀವ ಹೇಳ್ರಿ” ಎಂದು ಅವನನ್ನು ಅಮ್ಮನ ಮಂಚದ ಮುಂದೆ ನಿಲ್ಲಿಸಿದೆ. ಅವನು ಗೂಟವನ್ನು ಧೋತರದ ಚುಂಗಿನಲ್ಲಿ ಮರೆಮಾಡಲು ನೋಡಿದ. ಅಮ್ಮ ನೀಲಿ ಗೂಟವನ್ನು ನೋಡಿದಳು. ಅದಕ್ಕಂಟಿದ ಮರಳನ್ನು ಬೆರಳಿನಿಂದ ಕೆರೆದು ನೋಡಿದಳು. ಅವಳೂ ನೇಕಾರಳು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ನಿನ್ನ ಕಾಲು ನೆಟ್ಟಗ ಅದಾವಲ್ಲ” ಎಂದಳು. “ನಡಿ ಮತ್ತ.”