ಟರ್ಬೊ ತಣ್ಣಗಾಗುವ ತನಕ

ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತಳಾದ ವಾರದಲ್ಲೇ ಚಿಕ್ಕಮ್ಮ ಯಾರ ಮಾತಿಗೂ ಸೊಪ್ಪು ಹಾಕದೆ ಹಳೆಯ ಟರ್ಬೊ ಕಾರೊಂದನ್ನು ಕೊಂಡು ತಂದಳು. ಅದಕ್ಕೆ ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ತರಕಾರಿ ಚೀಲವೂ ಮುದುರಿಕೊಂಡೇ ಕೂರಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು. ಎಂಜಿನ್ನು ಆಯಿಲನ್ನು ನೀರಿನಂತೆ ಕುಡಿಯುತ್ತಿತ್ತು.

ಗ್ಯಾರೇಜಿನವನು ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಟರ್ಬೊ ಬಿಚ್ಚಿ ಸೀಲು, ಬೇರಿಂಗು ಬದಲಿಸಿದ. "ಹಿಂದಿನ ಓನರ್ ಜೋರಾಗಿ ಓಡಿಸಿ ಬಂದು ತಕ್ಷಣ ಆಫ್ ಮಾಡ್ತಿದ್ದ ಅನ್ಸುತ್ತೆ. ಬಿಸಿಗೆ ಒಳಗಿನ ಆಯಿಲೆಲ್ಲ ಸುಟ್ಟು ಕರಕಲಾಗಿದೆ. ನೀವು ಗಾಡಿ ನಿಲ್ಲಿಸಿದ ಮೇಲೂ ಟರ್ಬೊ ತಣ್ಣಗಾಗೋ ತನಕ ಸ್ವಲ್ಪ ಹೊತ್ತು ಎಂಜಿನ್ ಓಡೋಕೆ ಬಿಡಿ," ಎಂದ.

ಅಂದಿನಿಂದ ಮನೆ ಮುಟ್ಟಿದರೂ ಚಿಕ್ಕಮ್ಮ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಎಂಜಿನ್ನು ಗುರುಗುಡುತ್ತಿದ್ದರೆ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಾಳೆ.

ನಿನ್ನೆ ಚಿಕ್ಕಪ್ಪನಿಗೆ ತಾಳ್ಮೆ ಕೆಟ್ಟಿತು. ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಆಫ್ ಮಾಡಿಬಿಟ್ಟ.

"ಎಲ್ಲರೂ ಊಟಕ್ಕೆ ಕೂತಿದ್ದಾರೆ. ಬಡಿಸೋಕೆ ಬಾ."

ಚಿಕ್ಕಮ್ಮ ಏನೂ ಆಗದವಳಂತೆ ಮತ್ತೆ ಸ್ಟಾರ್ಟ್ ಮಾಡಿದಳು.

"ಊರ ಮಕ್ಕಳೆಲ್ಲ ಬಂದು ಹತ್ತೋ ತನಕ ಮೂವತ್ತು ವರ್ಷ ಬಸ್ಸಲ್ಲಿ ಕಾದಿದ್ದೀನಿ. ಮನೇಲಿ ನಿಮ್ಮೆಲ್ಲರ ಊಟ ಮುಗಿಯೋ ತನಕ ಕಾದಿದ್ದೀನಿ. ಸೌಟು ಅಡುಗೆಮನೇಲೇ ಇದೆ, ನೀವೇ ಬಡಿಸಿ," ಎಂದು ಗಾಜು ಏರಿಸಿದಳು.