ಒಪ್ಪತ್ತಿನ ದಿನದ ಗುಳಿಗೆ

ಅವ್ವ ಸೋಮವಾರ ಒಪ್ಪತ್ತು ಇರುತ್ತಿದ್ದಳು. ಹಗಲೆಲ್ಲ ಏನೂ ತಿನ್ನದೆ, ಸಂಜೆ ಈಶ್ವರನ ಗುಡಿಗೆ ಹೋಗಿ ಬಂದ ಮೇಲೆ ಒಂದೇ ಸಲ ಉಣ್ಣುವುದು. ಒಲೆಗೆ ಮಾತ್ರ ಅಂದೂ ರಜೆ ಇರಲಿಲ್ಲ. ಸಂಡೂರಿನಲ್ಲಿ ಗಣಿ ಕೆಲಸದವರು ಉಣ್ಣುವ ಎರಡು ಮೆಸ್ಸುಗಳಿಗೆ ಅವಳೇ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದರವರೆಗೂ ರೊಟ್ಟಿ ಬಡಿಯುವ ಸದ್ದು. ಹಸಿದ ಹೊಟ್ಟೆ, ಮುಖಕ್ಕೆ ಹೊಡೆಯುವ ಉರಿ, ಅದರ ಮೇಲೆ ಆ ಸದ್ದು. ತಲೆನೋವು ಬಂದೇ ಬರುತ್ತಿತ್ತು. ಬಂದಾಗ ಒಂದು ಗುಳಿಗೆ ನುಂಗಿ, ಮೇಲೆ ಅರ್ಧ ಲೋಟ ಚಹಾ ಕುಡಿಯುತ್ತಿದ್ದಳು.

"ಒಪ್ಪತ್ತು ಕೆಡಂಗಿಲ್ಲೇನವ್ವ?" ಎಂದು ನಾನೊಮ್ಮೆ ಕೇಳಿದ್ದೆ.

"ಚಾ ನೀರಿದ್ದಂಗ. ಗುಳಿಗಿ ಔಷಧ. ಇದರಾಗ ಕೆಡೋದೇನೈತಿ? ಶಿವ ಏನ್ ಮೆಡಿಕಲ್ ಅಂಗಡಿ ಮುಂದ ಕುಂತು ನೋಡ್ತಾನೇನು?"

"ಹಂಗಾರ ಒಂದ್ ಬಾಳಿಹಣ್ಣರ ತಿನ್ನು."

"ಹಣ್ಣು ತಿಂದ್ರ ತಿಂದಂಗ ಆತಲ್ಲೇ!"

ನಮ್ಮ ಓಣಿಯಲ್ಲಿ ಒಪ್ಪತ್ತು ಇರುವ ಹೆಂಗಸರೆಲ್ಲರೂ ಹಾಗೆಯೇ ನಂಬಿದ್ದರು. ಅದನ್ನು ಯಾರೂ ಪ್ರಶ್ನಿಸಿದ್ದು ಕಾಣೆ.

ಗುಳಿಗೆ ತರುತ್ತಿದ್ದವಳು ನಾನು. ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಸಂಜೆ ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲೇ ಮೆಡಿಕಲ್ ಅಂಗಡಿ. ಅವ್ವನಿಗೆ ಕನ್ನಡ ಓದಲು ಬರುತ್ತದೆ, ಸ್ಟ್ರಿಪ್ಪಿನ ಹಿಂದಿನ ಸಣ್ಣ ಇಂಗ್ಲಿಷ್ ಬರುವುದಿಲ್ಲ. ಮೊದಲ ಸಲ ತಂದಾಗ "ಇದರಾಗ ಏನೇನೈತಿ, ಓದಿ ಹೇಳು" ಅಂದಳು. ಓದಿದೆ. ಒಂದೇ ಗುಳಿಗೆಯಲ್ಲಿ ಮೂರು ಔಷಧ: ಆಸ್ಪಿರಿನ್, ಪ್ಯಾರಾಸಿಟಮಾಲ್, ಕೆಫೀನ್. ಮೊದಲೆರಡು ನೋವನ್ನು ಬೇರೆ ಬೇರೆ ರೀತಿಯಲ್ಲಿ ತಗ್ಗಿಸುತ್ತವೆ, ಕಾಫಿ ಚಹಾದಲ್ಲಿರುವ ಕೆಫೀನ್ ಅವಕ್ಕೆ ಬಲ ಕೊಡುತ್ತದೆ, ಹಾಗಾಗಿ ಒಂದೊಂದನ್ನೇ ತೆಗೆದುಕೊಳ್ಳುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಅದು ಸುಳ್ಳಲ್ಲ. ಅರ್ಧ ಗಂಟೆಯೊಳಗೆ ಅವಳ ಹುಬ್ಬಿನ ಗಂಟು ಸಡಿಲವಾಗುವುದನ್ನು ನಾನೇ ನೋಡಿದ್ದೇನೆ. ಎಂದೋ ಒಮ್ಮೆ ಬರುವ ತಲೆನೋವಿಗೆ ಅದು ಒಳ್ಳೆಯ ಔಷಧವೇ.

ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ, ಉಂಡ ಮೇಲೆ ತೆಗೆದುಕೊಳ್ಳಬೇಕು ಎಂಬುದೂ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಒಪ್ಪತ್ತಿನ ವಾದ ಶುರುವಾಗುತ್ತಿತ್ತು. ನನಗೆ ವಾದ ಆಗಿಬರುವುದಿಲ್ಲ.

ಸೋಮವಾರದ ಗುಳಿಗೆ ನಿಧಾನವಾಗಿ ಗುರುವಾರಕ್ಕೂ ಬಂತು, ಆಮೇಲೆ ಎಲ್ಲ ದಿನಕ್ಕೂ. ಒಲೆ ಹಚ್ಚುವ ಮೊದಲೇ ತಲೆ ಸಿಡಿಯುತ್ತದೆ ಅನ್ನುತ್ತಿದ್ದಳು. ನುಂಗಿದರೆ ಇಳಿಯುತ್ತಿತ್ತು, ಸಂಜೆಯ ಹೊತ್ತಿಗೆ ಮತ್ತೆ ಏರುತ್ತಿತ್ತು. ಅಂಗಡಿಯವರು ಒಂದು ದಿನ, "ಏನ್ ಮೇಡಂ, ಮನ್ಯಾಗ ಇದರ ಪಲ್ಯ ಮಾಡ್ತೀರೇನು?" ಎಂದು ನಕ್ಕರು. ನಾನೂ ನಕ್ಕೆ. "ಒಮ್ಮಿ ಡಾಕ್ಟರಿಗೆ ತೋರಿಸ್ರಿ" ಅಂತಲೂ ಅಂದರು. ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದೆ.

ಆ ಶ್ರಾವಣದಲ್ಲಿ ಅವಳ ಮುಖ ಬಿಳಚಿಕೊಂಡಿತ್ತು. ಗುಡಿಯ ಮೆಟ್ಟಿಲಲ್ಲಿ ನಡುವೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿತ್ತಂತೆ, ಹತ್ತು ಹನ್ನೆರಡು ದಿನದಿಂದ. ಅದು ನನಗೆ ತಿಳಿದದ್ದು ಆಮೇಲೆ. ಅಂಥ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ.

ಮೂರನೆಯ ಸೋಮವಾರ ನಾನು ರಜೆ ಹಾಕಿದ್ದೆ. ಓದುತ್ತ ಕೂತಿದ್ದಾಗ ರೊಟ್ಟಿಯ ಸದ್ದು ನಿಂತಿತು. ಅಡುಗೆ ಮನೆಗೆ ಹೋದರೆ ಅವ್ವ ಗೋಡೆಗೆ ಒರಗಿದ್ದಳು. ಹಣೆ ತಣ್ಣಗೆ ಬೆವರಿತ್ತು. ಎದುರಿಗೆ, ಕಾಫಿ ಪುಡಿ ಕಲಸಿದಂಥ ವಾಂತಿ. ಅದು ಹೊಟ್ಟೆಯಲ್ಲಿ ಹೆಪ್ಪುಗಟ್ಟಿದ ರಕ್ತವೆಂದು ನೋಡಿದ ಕೂಡಲೇ ಗೊತ್ತಾಯಿತು.

"ಹಂಚಿನ ಮ್ಯಾಗಿನ ರೊಟ್ಟಿ ತಗೀಲೇ, ಸುಡಾಕತ್ತೈತಿ" ಅಂದಳು.

ಎದುರು ಮನೆಯವರ ಕಾರಿನಲ್ಲಿ ಹೊಸಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಒಂದನ್ನು ದಾಟಿದರೆ ಇನ್ನೊಂದು. ಅವಳ ನಾಡಿ ಹಿಡಿದು ಕೂತಿದ್ದೆ. ಬೆರಳಿಗೆ ಸಿಗುತ್ತಿತ್ತು, ತಪ್ಪುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಬಾಯಿಯಿಂದ ಕೊಳವೆ ಇಳಿಸಿ ನೋಡಿ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿದೆ ಎಂದರು, ಅದನ್ನು ನಿಲ್ಲಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಅವಳು ಉಳಿಯುತ್ತಿರಲಿಲ್ಲ. ಮರುದಿನ ಡಾಕ್ಟರಮ್ಮ, ಅವ್ವನ ಸೆರಗಿನ ಗಂಟಿನಲ್ಲಿ ಸಿಕ್ಕ ಗುಳಿಗೆಯ ಸ್ಟ್ರಿಪ್ ಹಿಡಿದುಕೊಂಡು ಮಂಚದ ಹತ್ತಿರ ಬಂದರು.

"ಇದನ್ನ ದಿನಾ ಖಾಲಿ ಹೊಟ್ಟಿಗೆ ತಗೊಂತಿದ್ರೇನಮ್ಮಾ?"

"ತಲಿನೋವ್ರಿ."

"ಬರಬರತಾ ತಲಿನೋವು ಇದರಿಂದನ ಬಂದೈತಿ. ದಿನಾ ನುಂಗಿದ್ರ ಇದ ನೋವು ಹಚ್ಚತೈತಿ. ಒಂದ್ ಗುಳಿಗಿ ಅಂತ ತಿಳ್ಕೊಂಡೀರಿ, ಒಳಗ ಮೂರದಾವ. ಯಾವುದು ಎಷ್ಟ್ ಹೋಗೈತಿ ಅಂತ ನಿಮಗ ಹೆಂಗ ಗೊತ್ತಾಗಬೇಕು? ಯಾರ್ ತಂದ್ಕೊಡ್ತಿದ್ರು?"

ಅವ್ವ ನನ್ನ ಕಡೆ ನೋಡಲಿಲ್ಲ. "ನಾನ ತರ್ತಿದ್ನಿರಿ. ಮಗಳಿಗೆ ಗೊತ್ತಿಲ್ಲರಿ."

"ನೀವು ಓದಿದೋರು, ಸ್ವಲ್ಪ ನೋಡ್ಕೋಬೇಕಿತ್ತು" ಎಂದರು ಡಾಕ್ಟರಮ್ಮ ನನಗೆ. ನಾನು ತಲೆಯಾಡಿಸಿದೆ. ತಂದವಳು ನಾನು ಎಂದು ಹೇಳಲಿಲ್ಲ.

ಮನೆಗೆ ಬಂದ ಮೇಲೆ, ದಿನದ ಗುಳಿಗೆ ಬಿಟ್ಟಿದ್ದಕ್ಕೆ, ಮೂರು ವಾರ ತಲೆನೋವು ಅವಳನ್ನು ಹಿಂಡಿತು. ಹಣೆಗೆ ಒದ್ದೆ ಬಟ್ಟೆ ಕಟ್ಟಿ ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದಳು. "ಅರ್ಧ ಗುಳಿಗಿನರ ಕೊಡು" ಎಂದು ಕೇಳಿದಳು. "ಕಲ್ಲಿನಂಥಾಕಿ ಹುಟ್ಟೀದಿ ನನ್ನ ಹೊಟ್ಟ್ಯಾಗ" ಎಂದು ಬೈದಳು. ಕೊಡಲಿಲ್ಲ. ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಹಸಿದ ಹೊಟ್ಟೆಗೆ ಅದು ಕೆಟ್ಟದ್ದೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಅವಳಿಗೆ ಹೇಳಿದೆ.

ಅವಳು ಬಟ್ಟೆಯನ್ನು ತಿರುಗಿಸಿ ಹಾಕಿಕೊಂಡಳು. "ನೀ ಓದಿ ಹೇಳಿದ್ದಿ ಅಂತ ಧೈರ್ಯಲೆ ನುಂಗೀನಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಮತ್ತೆ ಕಟ್ಟಿದೆ.

ತಲೆನೋವು ಈಗ ಅಪರೂಪ. ಹುಣ್ಣು ಮತ್ತೆ ಸೋರಬಹುದು, ಸೋರಿದರೆ ಮಲ ಕಪ್ಪಾಗುತ್ತದೆ, ಬಣ್ಣ ನೋಡಿಕೊಳ್ಳುತ್ತಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅವ್ವ ಸೋಮವಾರದ ಒಪ್ಪತ್ತು ಬಿಟ್ಟಿಲ್ಲ. ಕಾಲೇಜಿಗೆ ಹೊರಡುವ ಮೊದಲು, ಸಂಕೋಚ ನುಂಗಿಕೊಂಡು, ಪಾಯಿಖಾನೆಯ ಬಾಗಿಲ ಹೊರಗೆ ನಿಂತು ಕೇಳುತ್ತೇನೆ. "ಎಲ್ಲಾ ಚಲೋ ಐತಿ, ಹೋಗು, ಬಸ್ ತಪ್ಪತೈತಿ" ಅನ್ನುತ್ತಾಳೆ. ಡಾಕ್ಟರಮ್ಮನಿಗೆ "ಮಗಳಿಗೆ ಗೊತ್ತಿಲ್ಲರಿ" ಎಂದಾಗ ಇದ್ದಂಥದ್ದೇ ದನಿ.